ತಾಮ್ರದ ತಂತಿಯೂ ಅದರ ಹೊದಿಕೆಯೂ

ನೆಲದಡಿಯ ತಾಮ್ರದ ತಂತಿಯೊಂದು ದೂರದ ಊರಿಗೆ ವಿದ್ಯುತ್ ಒಯ್ಯುತ್ತಿತ್ತು. ಬೇಸಿಗೆ ಬಂತು, ಊರು ಹೆಚ್ಚು ವಿದ್ಯುತ್ ಕೇಳಿತು.

"ಇನ್ನಷ್ಟು ಹೊರುತ್ತೇನೆ" ಎಂದಿತು ತಂತಿ.

"ಬೇಡಣ್ಣ" ಎಂದಿತು ಅದನ್ನು ಸುತ್ತಿದ್ದ ಹೊದಿಕೆ. "ನೀನು ಕಾದಷ್ಟೂ ನಾನು ಮೆತ್ತಗಾಗುತ್ತೇನೆ. ನಾನು ಒಡೆದರೆ ಊರಿಗೆಲ್ಲ ಕತ್ತಲೆ."

"ಅಂಜುಬುರುಕ! ನನಗೇನೂ ಆಗಿಲ್ಲವಲ್ಲ?"

ಸುತ್ತಲಿನ ಮಣ್ಣು ಹೇಳಿತು: "ನಿನ್ನ ಬಿಸಿಯನ್ನೆಲ್ಲ ಹೊದಿಕೆ ತಾಳಿಕೊಂಡು ನನಗೆ ದಾಟಿಸುತ್ತಿದೆ, ಅದಕ್ಕೇ ನಿನಗೇನೂ ಆಗಿಲ್ಲ. ಈಗ ನಾನೂ ಒಣಗಿದ್ದೇನೆ. ಇನ್ನು ಹೀರಲಾರೆ."

ತಂತಿ ಮೊದಲ ಬಾರಿಗೆ ಹೊದಿಕೆಯತ್ತ ಗಮನ ಕೊಟ್ಟಿತು. ಅದರ ಒಳಮೈ ಕಂದಿಹೋಗಿತ್ತು. ತಂತಿ ಕೂಡಲೇ ಹೊರೆ ಇಳಿಸಿತು.

"ಹೊರುವವನು ನಾನೊಬ್ಬನೇ ಅಂದುಕೊಂಡಿದ್ದೆ. ನಿಮ್ಮಿಬ್ಬರಿಂದ ಉಳಿದಿದ್ದೇನೆ. ನಿಮ್ಮ ಉಪಕಾರ ಮರೆಯಲಾರೆ" ಎಂದಿತು.

ಆ ಸಂಜೆ ಊರಿನ ದೀಪಗಳು ತುಸು ಮಂಕಾಗಿ ಉರಿದವು. ಒಂದೂ ಆರಲಿಲ್ಲ.