ಕರಡಿ ಲಾರಿಯ ರಬ್ಬರ್ ಬಳೆ

ಎಲ್ಲರೂ ಕಾಲು ಮಡಚಿ ಕೂತಿರಾ? ಹಾಗಾದರೆ ಲಾರಿ ಹೊರಡಲಿ.

ಒಂದು ಲಾರಿ ಇತ್ತು. ಗಿಡ್ಡ ಲಾರಿ. ಕಪ್ಪು ಲಾರಿ. ಮಕ್ಕಳು ಅದಕ್ಕೆ ಕರಡಿ ಅಂತ ಹೆಸರಿಟ್ಟಿದ್ದರು. ಕರಡಿ ಕಲ್ಲು ಹತ್ತುತ್ತಿತ್ತು. ಕರಡಿ ಕೆಸರು ದಾಟುತ್ತಿತ್ತು. ಕರಡಿ ಹಳ್ಳಕ್ಕೇ ಇಳಿದು ಆಚೆ ದಡಕ್ಕೆ ಏಳುತ್ತಿತ್ತು. ಅಂಥ ಲಾರಿ ಆ ಬೆಟ್ಟದಲ್ಲಿ ಇನ್ನೊಂದಿರಲಿಲ್ಲ.

ಕರಡಿಯನ್ನು ಓಡಿಸುವವಳು ಕೇತಮ್ಮ. ಮೊದಲು ಅವಳ ಅಪ್ಪ ಜಡೇಗೌಡ ಓಡಿಸುತ್ತಿದ್ದ. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಈಗ ಕೇತಮ್ಮ ಓಡಿಸುತ್ತಾಳೆ. ಹಳ್ಳದ ಈಚೆ ಶಾಲೆ. ಹಳ್ಳದ ಆಚೆ ಏಳು ಮಕ್ಕಳ ಮನೆ. ಬೆಳಿಗ್ಗೆ ಕರೆತರುತ್ತಾಳೆ. ಸಂಜೆ ಬಿಟ್ಟುಬರುತ್ತಾಳೆ.

ಗಾಲಿಯ ನಡುವೆ ಏನಿದೆ ಗೊತ್ತೆ? ಒಂದು ಕಬ್ಬಿಣದ ಡಬ್ಬಿ. ಅದರ ಹೆಸರು ಹಬ್. ಅದರೊಳಗೆ ಉಕ್ಕಿನ ಗುಂಡುಗಳು. ಗುಂಡುಗಳ ಸುತ್ತ ಗ್ರೀಸು. ಗ್ರೀಸಿಗೆ ಕಾವಲು ಒಂದು ರಬ್ಬರ್ ಬಳೆ. ಬಳೆ ಇದ್ದರೆ ನೀರು ಹೊರಗೆ. ಬಳೆ ಇಲ್ಲದಿದ್ದರೆ ನೀರು ಒಳಗೆ. ಗ್ರೀಸು ಜೇನಿನ ಬಣ್ಣ ಇದ್ದರೆ ಗಾಲಿ ಸುಖವಾಗಿದೆ. ಮಜ್ಜಿಗೆಯ ಬಣ್ಣ ಆದರೆ ನೀರು ಹೊಕ್ಕಿದೆ.

ಅವತ್ತು ಮಧ್ಯಾಹ್ನ ಕೇತಮ್ಮ ಹಬ್ ಬಿಚ್ಚಿದಳು. ಮಜ್ಜಿಗೆ. ಹೋದ ವಾರವೂ ಮಜ್ಜಿಗೆ. ಅದರ ಹಿಂದಿನ ವಾರವೂ ಮಜ್ಜಿಗೆ. ಅಪ್ಪನ ಕಾಲದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ.

ಕೇತಮ್ಮ ಒಂದೊಂದೇ ಗುಂಡು ಒರೆಸಿದಳು. ಹೊಸ ಗ್ರೀಸು ತುಂಬಿದಳು. ಹೊಸ ಬಳೆ ತೆಗೆದು ಕಲ್ಲಿನ ಮೇಲಿಟ್ಟಳು. ಇದ್ದದ್ದು ಅದೊಂದೇ. ಕೈ ಒರೆಸಲು ಬಟ್ಟೆಗೆ ಬಗ್ಗಿದಳು. ಎದ್ದು ನೋಡುತ್ತಾಳೆ, ಬಳೆ ಇಲ್ಲ.

ಕಾಗೆ ಒಯ್ದಿತ್ತು. ಮರದ ತುದಿಗೆ ಒಯ್ದಿತ್ತು. ಗೂಡಿನಲ್ಲಿ ಇಟ್ಟಿತ್ತು.

"ಕಾಗೆಯಮ್ಮ, ಕಾಗೆಯಮ್ಮ, ನನ್ನ ಬಳೆ ಕೊಡು. ಬಳೆ ಇಲ್ಲದೆ ಹಳ್ಳಕ್ಕೆ ಇಳಿದರೆ ನೀರು ಹೊಗುತ್ತದೆ. ನೀರು ಹೊಕ್ಕರೆ ಗಾಲಿ ಕಚ್ಚಿಕೊಳ್ಳುತ್ತದೆ. ಗಾಲಿ ಕಚ್ಚಿಕೊಂಡರೆ ಮಕ್ಕಳು ಮನೆಗೆ ಹೋಗುವುದಿಲ್ಲ."

ಕಾಗೆ ಕೊಡಲಿಲ್ಲ. ಗಾಳಿ ಬೀಸಿದರೆ ಅದರ ಮೊಟ್ಟೆ ಉರುಳುತ್ತಿತ್ತಂತೆ. ಬಳೆಯೊಳಗೆ ಇಟ್ಟ ಮೇಲೆ ನಿಂತಿದೆಯಂತೆ. ಒಂದು ಹಿಡಿ ಉಣ್ಣೆ ತಂದು ಹಾಸಿದರೆ ಬಳೆ ಕೊಡುತ್ತದಂತೆ.

ಕೇತಮ್ಮ ಕುರಿಯ ಹತ್ತಿರ ಹೋದಳು.

"ಕುರಿಯಮ್ಮ, ಕುರಿಯಮ್ಮ, ಒಂದು ಹಿಡಿ ಉಣ್ಣೆ ಕೊಡು. ಉಣ್ಣೆ ಕೊಟ್ಟರೆ ಕಾಗೆ ಬಳೆ ಕೊಡುತ್ತದೆ. ಬಳೆ ಕೊಟ್ಟರೆ ಮಕ್ಕಳು ಮನೆಗೆ ಹೋಗುತ್ತಾರೆ."

ಕುರಿ ಕೊಡಲಿಲ್ಲ. ಹೊಟ್ಟೆ ಹಸಿದಿದೆ ಅಂದಿತು. ಹಲಸಿನ ಎಲೆ ಬೇಕು ಅಂದಿತು. ಬೇರೆ ಎಲೆ ಆಗದು ಅಂದಿತು.

ಕೇತಮ್ಮ ಹಲಸಿನ ಮರದ ಹತ್ತಿರ ಹೋದಳು.

"ಹಲಸಪ್ಪ, ಹಲಸಪ್ಪ, ಒಂದು ಕೊಂಬೆ ಎಲೆ ಕೊಡು. ಎಲೆ ಕೊಟ್ಟರೆ ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕೊಟ್ಟರೆ ಕಾಗೆ ಬಳೆ ಕೊಡುತ್ತದೆ. ಬಳೆ ಕೊಟ್ಟರೆ ಮಕ್ಕಳು ಮನೆಗೆ ಹೋಗುತ್ತಾರೆ."

ಹಲಸಿನ ಮರ ಕೊಡಲಿಲ್ಲ. ಬೇರು ಒಣಗಿದೆ, ಒಂದು ಕೊಡ ನೀರು ಹುಯ್ಯಿ ಅಂದಿತು. ಕೇತಮ್ಮನ ಹತ್ತಿರ ಇದ್ದದ್ದು ಎಣ್ಣೆ ಡಬ್ಬ. ಎಣ್ಣೆ ಡಬ್ಬದ ನೀರು ಬೇರಿಗೆ ಆಗದು.

ಕೇತಮ್ಮ ಟೀ ಅಂಗಡಿಯ ಪುಟ್ಟಮಾದಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಅಜ್ಜಿ, ನಿನ್ನ ಕೊಡ ಕೊಡು. ಕೊಡ ಕೊಟ್ಟರೆ ನೀರು ತರುತ್ತೇನೆ. ನೀರು ಹುಯ್ದರೆ ಹಲಸಪ್ಪ ಎಲೆ ಕೊಡುತ್ತಾನೆ. ಎಲೆ ಕೊಟ್ಟರೆ ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕೊಟ್ಟರೆ ಕಾಗೆ ಬಳೆ ಕೊಡುತ್ತದೆ. ಬಳೆ ಕೊಟ್ಟರೆ ಮಕ್ಕಳು ಮನೆಗೆ ಹೋಗುತ್ತಾರೆ."

ಅಜ್ಜಿ ನಕ್ಕಳು. "ಕಾಗೆ ಬಳೆ ತೊಟ್ಕೊಂತಾ ಮಗಾ? ಇನ್ನು ಸೀರೆ ಉಡೋದೊಂದು ಬಾಕಿ."

ಆದರೆ ಕೊಡ ಕೊಡಲಿಲ್ಲ. ಶುಂಠಿ ಜಜ್ಜುವ ಕಲ್ಲು ಒಡೆದುಹೋಗಿತ್ತು. ಬೆಳಿಗ್ಗೆಯಿಂದ ಶುಂಠಿ ಇಲ್ಲದ ಟೀ. ಹಳ್ಳದಿಂದ ಒಂದು ನುಣುಪು ಕಲ್ಲು ತಂದುಕೊಟ್ಟರೆ ಕೊಡ ಕೊಡುತ್ತೇನೆ ಅಂದಳು.

ಶಾಲೆಯಲ್ಲಿ ಗಂಟೆ ಹೊಡೆಯಿತು. ಏಳು ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂತರು. ಕರಡಿ ಮೂರು ಗಾಲಿಯ ಮೇಲೆ ನಿಂತಿತ್ತು.

ಕೇತಮ್ಮ ಹಳ್ಳದ ಹತ್ತಿರ ಓಡಿದಳು.

"ಹಳ್ಳದವ್ವ, ಹಳ್ಳದವ್ವ, ಒಂದು ನುಣುಪು ಕಲ್ಲು ಕೊಡು. ಕಲ್ಲು ಕೊಟ್ಟರೆ ಅಜ್ಜಿ ಕೊಡ ಕೊಡುತ್ತಾಳೆ. ಕೊಡ ಕೊಟ್ಟರೆ ನೀರು ತರುತ್ತೇನೆ. ನೀರು ಹುಯ್ದರೆ ಹಲಸಪ್ಪ ಎಲೆ ಕೊಡುತ್ತಾನೆ. ಎಲೆ ಕೊಟ್ಟರೆ ಕುರಿ ಉಣ್ಣೆ ಕೊಡುತ್ತದೆ. ಉಣ್ಣೆ ಕೊಟ್ಟರೆ ಕಾಗೆ ಬಳೆ ಕೊಡುತ್ತದೆ. ಬಳೆ ಕೊಟ್ಟರೆ ನೀನು ಗಾಲಿಯೊಳಗೆ ಹೊಗುವುದಿಲ್ಲ. ಮಕ್ಕಳು ಮನೆಗೆ ಹೋಗುತ್ತಾರೆ."



"ನಾನು ಹೊಕ್ಕೆನೇ?" ಅಂದಿತು ಹಳ್ಳ. "ಕೂತುಕೋ ಕೇತಮ್ಮ. ಹೇಳುತ್ತೇನೆ."

ಕೇತಮ್ಮ ಕೂರಲಿಲ್ಲ. ಅವಸರ ಅಂದಳು.

"ಅದೇ," ಅಂದಿತು ಹಳ್ಳ. "ನಿಮ್ಮಪ್ಪ ಬರುತ್ತಿದ್ದ. ದಡದಲ್ಲಿ ಲಾರಿ ನಿಲ್ಲಿಸುತ್ತಿದ್ದ. ಆ ಚಪ್ಪಟೆ ಕಲ್ಲಿನ ಮೇಲೆ ಕೂರುತ್ತಿದ್ದ. ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಏನು ಮಾಡುತ್ತಿದ್ದ?"

ಕೇತಮ್ಮನಿಗೆ ನೆನಪಿತ್ತು. ಎಷ್ಟು ಹೊತ್ತು ಕೂರುತ್ತೀ ಅಪ್ಪ, ಸೋಮಾರಿ ಅಪ್ಪ, ಅಂತ ಅವಳು ರೇಗಿಸುತ್ತಿದ್ದಳು. ಅಪ್ಪ ನಗುತ್ತಿದ್ದ. ಆಮೇಲೆ ಏಳುತ್ತಿದ್ದ. ಮೊದಲನೇ ಗಾಲಿಯ ನಡುವೆ ಅಂಗೈ ಇಡುತ್ತಿದ್ದ. ಎರಡನೇ ಗಾಲಿಯ ನಡುವೆ ಇಡುತ್ತಿದ್ದ. ಮೂರನೆಯದಕ್ಕೆ ಇಡುತ್ತಿದ್ದ. ನಾಲ್ಕನೆಯದಕ್ಕೆ ಇಡುತ್ತಿದ್ದ.

"ಗಾಲಿ ಮುಟ್ಟುತ್ತಿದ್ದ," ಅಂದಳು.

"ತಣ್ಣಗಾಯಿತಾ ಅಂತ ನೋಡುತ್ತಿದ್ದ. ಕಲ್ಲುದಾರಿಯಲ್ಲಿ ಓಡಿದ ಗಾಲಿ ಬಿಸಿ. ನಾನು ತಣ್ಣಗೆ. ಬಿಸಿ ಗಾಲಿ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಲಿ ಉಸಿರೆಳೆದುಕೊಳ್ಳುತ್ತದೆ. ಉಸಿರಿನ ಜೊತೆ ನನ್ನನ್ನೂ ಎಳೆದುಕೊಳ್ಳುತ್ತದೆ. ಬಳೆ ಪಾಪ ಏನು ಮಾಡೀತು? ನೀನು ಬಿಸಿ ಗಾಲಿ ತಂದು ನೇರ ಇಳಿಸುತ್ತೀ. ನಿಮ್ಮಪ್ಪ ಎಂದೂ ಇಳಿಸಲಿಲ್ಲ."

ಕೇತಮ್ಮ ತನ್ನ ಅಂಗೈ ನೋಡಿಕೊಂಡಳು.

"ನನಗೆ ಬೇರೇನೂ ಬೇಡ," ಅಂದಿತು ಹಳ್ಳ. "ಒಂದು ಎಲೆಅಡಿಕೆ ಹೊತ್ತು ಕೂತುಕೋ. ದಿನಾ ಕೂತುಕೋ. ಕಲ್ಲು ಕೊಡುತ್ತೇನೆ."

ಕೇತಮ್ಮ ಚಪ್ಪಟೆ ಕಲ್ಲಿನ ಮೇಲೆ ಕೂತಳು. ಒಂದು ಎಲೆಅಡಿಕೆ ಹೊತ್ತು ಕೂತಳು. ನೀರು ನೋಡಿದಳು.

ಆಗ ಏನಾಯಿತು? ಹೇಳಿ ನೋಡೋಣ.

ಕೇತಮ್ಮ ಕೂತಳು, ಹಳ್ಳ ನುಣುಪು ಕಲ್ಲು ಕೊಟ್ಟಿತು. ಕಲ್ಲು ಸಿಕ್ಕಿತು, ಅಜ್ಜಿ ಕೊಡ ಕೊಟ್ಟಳು. ಕೊಡ ಸಿಕ್ಕಿತು, ಹಳ್ಳ ಕೊಡದ ಬಾಯಿಮಟ್ಟ ನೀರು ಕೊಟ್ಟಿತು. ನೀರು ಹುಯ್ದಳು, ಹಲಸಪ್ಪ ಎಲೆ ಕೊಟ್ಟ. ಎಲೆ ತಿಂದಿತು, ಕುರಿ ಉಣ್ಣೆ ಕೊಟ್ಟಿತು. ಉಣ್ಣೆ ಹಾಸಿಕೊಂಡಿತು, ಕಾಗೆ ಬಳೆ ಕೊಟ್ಟಿತು. ಮೊಟ್ಟೆ ಉರುಳಲಿಲ್ಲ.

ಕೇತಮ್ಮ ಬಳೆ ಒರೆಸಿದಳು. ಅದರ ಅಂಚಿಗೆ ಗ್ರೀಸು ಸವರಿದಳು. ಸೊಟ್ಟಗೆ ಕೂರಿಸಬಾರದು. ಒಂದೇ ಕಡೆ ಹೊಡೆಯಬಾರದು. ಸುತ್ತಲೂ ಮೆಲ್ಲಗೆ ತಟ್ಟಬೇಕು. ಟಕ್, ಟಕ್, ಟಕ್, ಟಕ್. ಬಳೆ ಕೂತಿತು. ಗಾಲಿ ಕೂತಿತು. ಕರಡಿ ನಾಲ್ಕು ಗಾಲಿಯ ಮೇಲೆ ನಿಂತಿತು.

ಏಳು ಮಕ್ಕಳು ಹತ್ತಿದರು. ಕರಡಿ ಕಲ್ಲು ಹತ್ತಿತು. ಕರಡಿ ಕೆಸರು ದಾಟಿತು. ಹಳ್ಳದ ದಡಕ್ಕೆ ಬಂತು. ನಿಂತಿತು.

"ಯಾಕಕ್ಕ ನಿಲ್ಲಿಸ್ದೆ?" ಅಂದಳು ಸಣ್ಣ ಬೊಮ್ಮಿ. "ಕರಡಿಗೆ ಭಯವಾ?"

"ಕರಡಿಗೆ ಭಯ ಇಲ್ಲ ಕಣವ್ವ. ಕರಡಿಗೆ ಸೆಕೆ."

ಮಕ್ಕಳು ಇಳಿದು ನೀರಿಗೆ ಕಲ್ಲು ಎಸೆದರು. ಕೇತಮ್ಮ ಚಪ್ಪಟೆ ಕಲ್ಲಿನ ಮೇಲೆ ಕೂತಳು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಒಂದು ಎಲೆಅಡಿಕೆ ಹೊತ್ತು.

ಆಮೇಲೆ ಎದ್ದಳು. ಮೊದಲನೇ ಗಾಲಿಯ ನಡುವೆ ಅಂಗೈ ಇಟ್ಟಳು. ತಣ್ಣಗೆ. ಎರಡನೆಯದು ತಣ್ಣಗೆ. ಮೂರನೆಯದು ತಣ್ಣಗೆ. ನಾಲ್ಕನೆಯದು ಬೊಮ್ಮಿ ಮುಟ್ಟಿದಳು. ತಣ್ಣಗೆ.

ಕರಡಿ ಹಳ್ಳಕ್ಕೆ ಇಳಿಯಿತು. ಆಚೆ ದಡಕ್ಕೆ ಎದ್ದಿತು. ಹೊತ್ತು ಮುಳುಗುವ ಮೊದಲೇ ಏಳು ಮಕ್ಕಳು ಏಳು ಮನೆ ಸೇರಿದರು.

ಒಂದು ವಾರ ಆಯಿತು. ಕೇತಮ್ಮ ಹಬ್ ಬಿಚ್ಚಿದಳು. ಬೆರಳು ಅದ್ದಿದಳು. ಬಿಸಿಲಿಗೆ ಹಿಡಿದು ನೋಡಿದಳು.

ಮಜ್ಜಿಗೆಯಾ?

ಅಲ್ಲ. ಜೇನು.