ಮೂರನೆಯ ತಿರುವಿನ ಸೋಫಾ

"ಗುರುಗಳೇ, ಮೂರು ಕಡೆಯವರು ಮೂರು ಮಾತು ಹೇಳಿ, ಮೂರೂ ನ್ಯಾಯವಾಗಿಯೇ ಕಂಡರೆ ಯಾರ ಮಾತು ಕೇಳಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಲಿಂಗ. ಊರಿನ ಪಕ್ಕದ ಬೀಳು ನೆಲದಲ್ಲಿ ಅವನೂ ಅವನ ಗೆಳೆಯರೂ ಬೈಕ್ ರೇಸಿಗೆಂದು ಮಣ್ಣಿನ ಟ್ರ್ಯಾಕ್ ಮಾಡಲು ಹೊರಟಿದ್ದರು. ಉದ್ಘಾಟನೆಗೆ ಗುರುಗಳನ್ನು ಕರೆಯಲು ಬಂದವನು ನಕ್ಷೆಯನ್ನೂ ತಂದಿದ್ದ. ಅದನ್ನು ಚಾಪೆಯ ಮೇಲೆ ಹರಡಿ ತನ್ನ ಕಷ್ಟ ಹೇಳಿಕೊಂಡ. ಸವಾರರು ತಿರುವಿನಲ್ಲಿ ತಡೆಗೋಡೆ ಎತ್ತರವಾಗಿರಲಿ ಎನ್ನುತ್ತಾರೆ. ನೋಡುವವರು ಗೋಡೆ ಅಡ್ಡ ಬರುತ್ತದೆ, ತಗ್ಗಿಸಿ ಎನ್ನುತ್ತಾರೆ. ಗೆಳೆಯರು ಎರಡೂ ಸರಿ, ದುಡ್ಡು ಎಲ್ಲಿದೆ ಎನ್ನುತ್ತಾರೆ.

"ಮೂರನ್ನೂ ಸರಿತೂಗಿಸುವ ದಾರಿ ಹೇಳಿ" ಎಂದ.

ಗುರುಗಳು ಕನ್ನಡಕ ಹಾಕಿಕೊಂಡು ನಕ್ಷೆ ನೋಡಿದರು. ಮೂರನೆಯ ತಿರುವಿನ ಬಳಿ ಕೆಂಪು ಶಾಯಿಯಲ್ಲಿ ಒಂದು ಸಣ್ಣ ಚೌಕವಿತ್ತು. ಅದೇನೆಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದಿಟ್ಟು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಟೈರ್ ವ್ಯಾಪಾರಿ ಇದ್ದ. ಇಟ್ಟಿಗೆ ಸುಡುವುದನ್ನು ನಿಲ್ಲಿಸಿ ಪಾಳು ಬಿಟ್ಟ ಒಂದು ಬಯಲು ಅವನದಾಗಿತ್ತು. ಬೈಕ್ ರೇಸ್ ಎಂದರೆ ಅವನಿಗೆ ಪ್ರಾಣ. ಆದರೆ ತಾನು ಬೈಕ್ ಹತ್ತುತ್ತಿರಲಿಲ್ಲ, ಹೊಟ್ಟೆ ಪೆಟ್ರೋಲ್ ಟ್ಯಾಂಕಿಗೆ ತಾಗುತ್ತಿತ್ತು. ಬೇರೆಯವರಾದರೂ ಓಡಿಸಲಿ ಎಂದು ಆ ಬಯಲಿನಲ್ಲಿ ಟ್ರ್ಯಾಕ್ ಮಾಡಿಸಿದ.

ಸವಾರರೆಲ್ಲ ಸುತ್ತಲಿನವರೇ. ಒಬ್ಬ ಮನೆಮನೆಗೆ ಹಾಲು ಹಾಕುವವನು, ಒಬ್ಬ ಮೆಕ್ಯಾನಿಕ್, ಒಬ್ಬ ಕೊರಿಯರ್‌ನವನು. ವಾರವೆಲ್ಲ ಯಾವ ಬೈಕಿನಲ್ಲಿ ದುಡಿಯುತ್ತಿದ್ದರೋ ಭಾನುವಾರ ಅದರದೇ ಕನ್ನಡಿ, ಕ್ಯಾರಿಯರ್ ಬಿಚ್ಚಿಟ್ಟು ರೇಸಿಗೆ ಇಳಿಯುತ್ತಿದ್ದರು. ಬೈಕ್ ಮುರಿದರೆ ಸೋಮವಾರದ ಕೆಲಸ ಹೋಯಿತು, ಕೈ ಮುರಿದರೆ ಎರಡು ತಿಂಗಳ ಕೆಲಸ ಹೋಯಿತು. ಇವರಲ್ಲಿ ಎಲ್ಲರಿಗಿಂತ ಜೋರು ಹಾಲಿನವನು. ಅವನು ವ್ಯಾಪಾರಿಯ ಹೆಂಡತಿಯ ತಮ್ಮ.

ಟ್ರ್ಯಾಕಿನ ಮೂರನೆಯ ತಿರುವು ಕೆಟ್ಟದ್ದು. ಬೀಳುವವರೆಲ್ಲ ಅಲ್ಲೇ ಬೀಳುತ್ತಿದ್ದರು, ಆದ್ದರಿಂದ ನೋಡುವವರೆಲ್ಲ ಅಲ್ಲೇ ನಿಲ್ಲುತ್ತಿದ್ದರು. ವ್ಯಾಪಾರಿ ತನ್ನ ಅಂಗಡಿಯ ಹಿಂದೆ ಬಿದ್ದಿದ್ದ ಹಳೆಯ ಲಾರಿ ಟೈರುಗಳನ್ನು ತರಿಸಿ, ಒಂದರ ಮೇಲೊಂದು ಐದೈದರಂತೆ ಪೇರಿಸಿ, ಹಗ್ಗ ಬಿಗಿಸಿ ಗೋಡೆ ಮಾಡಿಸಿದ. ಅದು ಎದೆಯೆತ್ತರ ಬಂತು. ನಿಂತು ನೋಡುವವರಿಗೆ ಅದರ ಮೇಲಿನಿಂದ ಕಾಣುತ್ತಿತ್ತು. ಖರ್ಚೂ ಬರಲಿಲ್ಲ.

ಕತೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ನಮ್ಮ ಕಡೆ ಮುಖ್ಯ ಅತಿಥಿಯಿಲ್ಲದೆ ಯಾವ ಕಾರ್ಯಕ್ರಮವೂ ಆಗುವುದಿಲ್ಲ, ಸೋಫಾ ಇಲ್ಲದೆ ಮುಖ್ಯ ಅತಿಥಿ ಕೂರುವುದಿಲ್ಲ.

ಊರಿನ ಅಕ್ಕಿ ಗಿರಣಿಯ ಮಾಲೀಕರು ಪ್ರತಿವರ್ಷದ ಮುಖ್ಯ ಅತಿಥಿ. ಮೊದಲ ವರ್ಷ ಅವರನ್ನು ಪದ್ಧತಿಯಂತೆ ವೇದಿಕೆಯ ಮೇಲೆ ಕೂರಿಸಿದರು. ವೇದಿಕೆ ಜನರ ಕಡೆಗೆ ಮುಖ ಮಾಡಿತ್ತು. ರೇಸು ಅವರ ಬೆನ್ನ ಹಿಂದೆ ನಡೆಯಿತು. ರೇಸು ನೋಡುವವರ ಮುಖಗಳನ್ನು ಅವರು ಎರಡು ಗಂಟೆ ನೋಡಿದರು. ಜನ ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದರು. ಹೊರಡುವಾಗ ಶಾಲು ಸರಿಮಾಡಿಕೊಳ್ಳುತ್ತ, "ಎಲ್ಲ ಚೆನ್ನಾಗಿತ್ತು, ಯಾರು ಗೆದ್ದರು ಅಂತ ಮಾತ್ರ ಗೊತ್ತಾಗಲಿಲ್ಲ" ಎಂದರು.

ವ್ಯಾಪಾರಿಗೆ ನಾಚಿಕೆಯಾಯಿತು. ಎರಡನೆಯ ವರ್ಷ ಬಿಳಿ ಬಟ್ಟೆ ಹೊದಿಸಿದ ಸೋಫಾವನ್ನು ಮೂರನೆಯ ತಿರುವಿನಲ್ಲಿ, ಗೋಡೆಗೆ ನಾಲ್ಕೇ ಹೆಜ್ಜೆ ಹಿಂದೆ ಹಾಕಿಸಿದ. ಸವಾರರಿಗೆ ಸುತ್ತು ಹಾಕಲು ಹೇಳಿ, ಸರಿಯಾಗಿ ಕಾಣುತ್ತದೆಯೋ ಎಂದು ತಾನೇ ಕೂತು ನೋಡಿದ. ಟೈರುಗಳು ಚೆನ್ನಾಗಿ ಕಂಡವು, ಬೇರೇನೂ ಕಾಣಲಿಲ್ಲ. ಒಂದು ಸಾಲು ಟೈರು ತೆಗೆಸಿದ. ಸವಾರರ ಹೆಲ್ಮೆಟ್ ಕಂಡಿತು. ಇನ್ನೊಂದು ಸಾಲು ತೆಗೆಸಿದ. ಈಗ ಬೈಕೂ ಕಂಡಿತು. ಸೋಫಾದಲ್ಲಿ ಒರಗಿಕೊಂಡು ತೃಪ್ತಿಯಿಂದ ತಲೆಯಾಡಿಸಿದ.

ಅವನ ಭಾವಮೈದುನ ಬಂದು ಗೋಡೆಯ ಪಕ್ಕದಲ್ಲಿ ನಿಂತ.

"ಭಾವ, ಮೂರು ಟೈರು ನನ್ನ ತೊಡೆಗೆ ಬರುತ್ತೆ. ಬಿದ್ರೆ ಇದರ ಮೇಲೆ ಹಾರಿ ಹೋಗ್ತೀನಿ. ಸೋಫಾನ ಹಿಂದೆ ಆ ಇಟ್ಟಿಗೆ ಚೂರಿನ ದಿಬ್ಬದ ಮೇಲೆ ಹಾಕ್ಸಿ."

"ಅಲ್ಲಿ ಆಡು ಕಾಯೋರು ಕೂರ್ತಾರೆ ಕಣಯ್ಯ. ನೀನು ಬೀಳಬೇಡ, ಅಷ್ಟೇ. ನೀನು ಬೀಳದಿದ್ರೆ ಗೋಡೆ ಎಷ್ಟಿದ್ರೇನು?"

ಈ ಮಾತು ವ್ಯಾಪಾರಿಯ ಹೆಂಡತಿಯ ಕಿವಿಗೆ ಬಿತ್ತು. ಅವಳು ಹೆಚ್ಚು ಮಾತಿನವಳಲ್ಲ. "ನನಗಿರೋನು ಒಬ್ಬನೇ ತಮ್ಮ. ಅವನಿಗೇನಾದ್ರೂ ಆದ್ರೆ ನೀವು ಸೋಫಾದಲ್ಲೇ ಮಲಗಿ, ಮನೆಗೆ ಬರಬೇಡಿ" ಎಂದಳು. ವ್ಯಾಪಾರಿ ನಕ್ಕ. ತೆಗೆಸಿದ ಟೈರುಗಳನ್ನು ಮಾತ್ರ ಮತ್ತೆ ಇಡಿಸಲಿಲ್ಲ.

ರೇಸಿನ ದಿನ ಹತ್ತು ಗಂಟೆಗೆ ಬರಬೇಕಾದ ಗಿರಣಿ ಮಾಲೀಕರು ಹನ್ನೊಂದೂವರೆಯಾದರೂ ಬರಲಿಲ್ಲ. ಅವರು ಬಾರದೆ ರೇಸ್ ಶುರುಮಾಡುವಂತಿಲ್ಲ. ಜನ ಎದ್ದು ಹೋಗದಿರಲಿ ಎಂದು ಸವಾರರಿಗೆ ಅಭ್ಯಾಸದ ಸುತ್ತು ಹಾಕಲು ಹೇಳಿದರು. ಸೋಫಾ ಖಾಲಿಯಾಗಿತ್ತು. ಅದರ ನಡುವೆ ಮಾಲೀಕರ ಹೆಸರಿನ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿದ್ದರು.

ಎರಡನೆಯ ಸುತ್ತಿನಲ್ಲಿ ಹಾಲಿನವನ ಮುಂದಿನ ಚಕ್ರ ಜಾರಿತು. ಬೈಕು ಗೋಡೆಗೆ ಬಡಿದು ಅಲ್ಲೇ ನಿಂತಿತು. ಅವನು ನಿಲ್ಲಲಿಲ್ಲ. ಗೋಡೆಯ ಮೇಲಿನಿಂದ ಹಾರಿ ಹೋಗಿ ಸೋಫಾದ ನಡುವೆ, ಹೆಸರಿನ ಚೀಟಿಯ ಮೇಲೆ ಕುಕ್ಕರಿಸಿದ. ಸೋಫಾದ ಎರಡು ಕಾಲು ಮುರಿದವು.

ಸೋಫಾದ ಹಿಂದೆ ಹಾಕಿದ್ದ ಶಾಮಿಯಾನದಲ್ಲಿ, ಪರದೆಯ ಮರೆಯಲ್ಲಿ ಮೈಕ್ ಹಿಡಿದಿದ್ದ ನಿರೂಪಕನಿಗೆ ತಿರುವು ಕಾಣುತ್ತಿರಲಿಲ್ಲ. ಸೋಫಾದಲ್ಲಿ ಯಾರಾದರೂ ಕೂತ ಕೂಡಲೇ ಹೇಳಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಸೋಫಾದ ಸದ್ದು ಕೇಳಿ, "ಮಾನ್ಯ ಮುಖ್ಯ ಅತಿಥಿಗಳು ಇದೀಗ ಆಸೀನರಾಗಿದ್ದಾರೆ, ಜೋರಾದ ಚಪ್ಪಾಳೆ" ಎಂದ. ಜನ ತಟ್ಟಿದರು.

ಅಕ್ಕ ಓಡಿ ಬಂದಳು. ತಮ್ಮನ ಭುಜದ ಮೂಳೆ ಮುರಿದಿತ್ತು. ಸೋಫಾದ ಪಕ್ಕದಲ್ಲೇ ಶಾಮಿಯಾನದ ಕಬ್ಬಿಣದ ಕಂಬವಿತ್ತು. ಕಂಬಕ್ಕೂ ಅವನ ತಲೆಗೂ ನಡುವೆ ಒಂದು ಗೇಣು ಜಾಗವಿತ್ತು. ಅವಳು ಆ ಗೇಣನ್ನು ತನ್ನ ಕೈಯಿಂದಲೇ ಅಳೆದು ನೋಡಿ ಅತ್ತಳು. ವ್ಯಾಪಾರಿ ಸುಮ್ಮನಿರದೆ, "ಸೋಫಾ ಹಾಕ್ಸಿದ್ದು ಒಳ್ಳೇದೇ ಆಯ್ತು ನೋಡು" ಎಂದ. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಹಾಲಿನವನನ್ನು ಆಸ್ಪತ್ರೆಗೆ ಕರೆದೊಯ್ದರು. ಜನ ಸೋಫಾದ ಸುತ್ತ ನೆರೆದು ಚರ್ಚೆ ಮಾಡಿದರು. ಟ್ರ್ಯಾಕಿನ ಸುತ್ತಲೂ ಸೋಫಾ ಹಾಕಿಸಿದರೆ ಹೇಗೆ ಎಂದು ಒಬ್ಬ ಕೇಳಿದ. ಬಾಡಿಗೆ ಜಾಸ್ತಿಯಾಗುತ್ತದೆ ಎಂದು ಇನ್ನೊಬ್ಬ ಹೇಳಿದ. ಅಷ್ಟರಲ್ಲಿ ಗಿರಣಿ ಮಾಲೀಕರ ಕಾರು ಬಂತು.

ಮಾಲೀಕರು ಇಳಿದು, ಹಾರ ಹಾಕಿಸಿಕೊಂಡು, ಕೈಮುಗಿಯುತ್ತ ನಡೆದು ಬಂದರು. ಕುಂಟುವ ಸೋಫಾ ಕಂಡಿತು, ಬಿಳಿ ಬಟ್ಟೆಯ ಮೇಲಿನ ಮಣ್ಣು ಕಂಡಿತು, ಮಣ್ಣಿನ ನಡುವೆ ತಮ್ಮ ಹೆಸರು ಕಂಡಿತು. ಏನಾಯಿತೆಂದು ಕೇಳಿದರು. ಜನ ಹೇಳಿದರು.

"ನಾನು ಹತ್ತು ಗಂಟೆಗೇ ಬಂದಿದ್ರೆ?" ಎಂದರು ಮಾಲೀಕರು.

ಮುಖ್ಯ ಅತಿಥಿ ಹೇಳಿದ ಹೊತ್ತಿಗೆ ಬರಬಹುದೆಂದು ಆ ಊರಿನಲ್ಲಿ ಯಾರೂ ಯೋಚಿಸಿರಲಿಲ್ಲ.

ಮಾಲೀಕರು ಹಾರವನ್ನು ಕತ್ತಿನಿಂದ ತೆಗೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದರು. ತೆಗೆದಿಟ್ಟಿದ್ದ ಟೈರುಗಳಲ್ಲಿ ಒಂದನ್ನು ತಾವೇ ಉರುಳಿಸಿಕೊಂಡು ಬಂದು ಗೋಡೆಯ ಬುಡಕ್ಕೆ ಒರಗಿಸಿದರು. "ಬನ್ರೋ, ಕೈ ಹಾಕ್ರೋ. ಐದು ಸಾಲದು, ಆರಿಡಿ" ಎಂದರು.

"ಆರಾದ್ರೆ ತಮಗೆ ಏನೂ ಕಾಣಲ್ಲ, ಬುದ್ಧಿ" ಎಂದ ವ್ಯಾಪಾರಿ.

"ಕಾಣದಿದ್ರೆ ದಿಬ್ಬ ಹತ್ತುತೀನಿ ಕಣಯ್ಯ. ದಿಬ್ಬಕ್ಕೇನು ಬಾಡಿಗೆ ಕೊಡಬೇಕಾ?"

ಮಾಲೀಕರು ನಿಜವಾಗಿಯೂ ದಿಬ್ಬ ಹತ್ತಿದರು. ಅವರು ಹತ್ತಿದ ಮೇಲೆ ಊರೆಲ್ಲ ಹತ್ತಿತು. ಮೇಲಿನಿಂದ ಮೂರನೆಯ ತಿರುವೊಂದೇ ಅಲ್ಲ, ಇಡೀ ಟ್ರ್ಯಾಕ್ ಕಂಡಿತು. ಆಡು ಕಾಯುವ ಮುದುಕ ಸ್ವಲ್ಪ ಸರಿದು ಅವರಿಗೆ ಜಾಗ ಕೊಟ್ಟ. ತಾನು ಹೋದ ವರ್ಷದ ರೇಸನ್ನೂ ಇಲ್ಲಿಂದಲೇ ಪೂರ್ತಿ ನೋಡಿದೆ ಎಂದು ಹೇಳಿದ. ಯಾರು ಗೆದ್ದರೆಂದೂ ಮಾಲೀಕರಿಗೆ ತಿಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ಗುರುಲಿಂಗ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಎಂಥ ಪೆದ್ದ ವ್ಯಾಪಾರಿ ಗುರುಗಳೇ! ನನಗೆ ಎಲ್ಲ ಅರ್ಥವಾಯಿತು" ಎಂದ. "ತಾವು ಉದ್ಘಾಟನೆಗೆ ಬರಲೇಬೇಕು."

ಗುರುಗಳು ಮತ್ತೆ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೂರನೆಯ ತಿರುವಿನ ಕೆಂಪು ಚೌಕದ ಮೇಲೆ ಬೆರಳಿಟ್ಟರು. ಗುರುಲಿಂಗನ ನಗು ನಿಂತಿತು. ಅವನು ಬೆರಳನ್ನು ನೋಡಿದ, ಗುರುಗಳನ್ನು ನೋಡಿದ.

"ಬರುತ್ತೇನಪ್ಪ, ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಬರುವವನು ನಾನು" ಎಂದರು ಗುರುಗಳು.