ಸಿರಿಯಕ್ಕನ ಕಳ್ಳಿ ಕಷಾಯ

ಬಹಳ ಹಿಂದೆ, ಬಂಡೆಗುಡ್ಡಗಳ ಸೀಮೆಯ ಒಂದು ಕುರಿಗಾರರ ಹಟ್ಟಿಯಲ್ಲಿ ಸಿರಿಯಕ್ಕ ಎಂಬ ಮದ್ದಿನವಳು ಇದ್ದಳಂತೆ. ನಮ್ಮ ಹಟ್ಟಿಯೇ ಅದು, ಬೇರೆಯವರದಲ್ಲ! ಕಳ್ಳಿಯ ಹಾಲು ಕಣ್ಣು ಕಳೆಯುತ್ತದೆಂದು ಕೂಸಿಗೂ ಗೊತ್ತು. ಸಿರಿಯಕ್ಕ ಬೆಳೆಸಿದ್ದು ಹಾಲೇ ಇಲ್ಲದ, ಕಂಬದ ಹಾಗೆ ನಿಲ್ಲುವ ಇನ್ನೊಂದು ಕಳ್ಳಿ. ಅದರ ಕಷಾಯ ಕುಡಿದವನಿಗೆ ಊರು ಕಾಣುವುದಿಲ್ಲ, ತಾನೇ ಕಾಣುತ್ತಾನಂತೆ. ಸುತ್ತಲ ಏಳು ಹಟ್ಟಿಗಳಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ನಾವು ಬೀಗಿದರೆ ತಪ್ಪೇನು?

ಒಂದು ವರ್ಷ ತೋಳ ರೊಪ್ಪಕ್ಕೆ ನುಗ್ಗಿ ಕುರಿಗಳನ್ನೆಲ್ಲ ಸೀಳಿಹಾಕಿತಂತೆ. ರೊಪ್ಪವೆಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ಅದರ ಬಾಗಿಲ ಮುಳ್ಳುಪಡಿ ಸರಿದಿತ್ತು. ಹಟ್ಟಿಯ ಯಜಮಾನ ಕಾಟಯ್ಯ ತನ್ನ ತಮ್ಮ ಚಿತ್ತಯ್ಯನ ಮೇಲೆ ಕೆಂಡಾಮಂಡಲನಾದ. ಪಡಿ ಹಾಕುವ ಪಾಳಿ ಅವತ್ತು ಅವನದು. ಹಾಕಿಯೇ ಹೋದೆ ಎಂದು ತಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಹೆಂಡತಿ ಮಕ್ಕಳ ಸಮೇತ ಹಟ್ಟಿ ಬಿಡಿಸುತ್ತೇನೆಂದ. ಅದಕ್ಕೂ ಮೊದಲು ಕಷಾಯ ಕುಡಿಸಿ ಇವನ ಬಾಯಿ ಬಿಡಿಸೆಂದು ಸಿರಿಯಕ್ಕನ ಮುಂದೆ ತಂದು ನಿಲ್ಲಿಸಿದ.

ಸಿರಿಯಕ್ಕನದೊಂದು ಕಟ್ಟಳೆ: ದೂರು ತಂದವನೇ ಮೊದಲು ಕುಡಿಯಬೇಕು.

"ನೀನೇ ಕುಡಿಯಪ್ಪ ಕಾಟಯ್ಯ, ದೂರು ನಿಂದಲ್ವಾ?" ಎಂದಳಂತೆ.

ಯಜಮಾನನಿಗೇ ಈ ಮಾತು! ಕೂತವರೆಲ್ಲ ಎದ್ದು ನಿಂತರು. ಅವಳು ಮಾತ್ರ ಬಟ್ಟಲು ಚಾಚಿದ ಕೈ ಹಿಂದಕ್ಕೆಳೆಯಲಿಲ್ಲ.

ಕಾಟಯ್ಯ ಕುಡಿದ, ವಾಕರಿಸಿದ, ಬೇಲಿಗೆ ಮುಖ ಮಾಡಿ ಕೂತ. ಬಿಸಿಲು ಏರಿತು, ಇಳಿಯಿತು. ಬೇಲಿಯ ಮುಳ್ಳುಗಳೆಲ್ಲ ಬಣ್ಣ ಬಣ್ಣವಾಗಿ ಉಸಿರಾಡಿದವಂತೆ. ಆಮೇಲೆ ಅವನಿಗೆ ತನ್ನ ಕಾಲು ಕಂಡಿತಂತೆ. ತೋಳ ಬಂದ ದಿನ ಸಂಜೆ, ತಮ್ಮ ಪಡಿ ಹಾಕಿ ಹೋದ ಮೇಲೆ, ನೆಂಟರಿಗೆಂದು ಟಗರುಮರಿ ತರಲು ಅವನೇ ಒಳಗೆ ಹೋಗಿದ್ದ. ಎರಡು ಕೈಯಲ್ಲೂ ಮರಿ. ಪಡಿಯನ್ನು ಕಾಲಲ್ಲಿ ತಳ್ಳಿ ಬಂದಿದ್ದ, ತಿರುಗಿ ನೋಡಿರಲಿಲ್ಲ. ತಳ್ಳಿದ್ದೇ ಹಾಕಿದ ಹಾಗೆ ಎಂದುಕೊಂಡು, ನೆಂಟರ ಮುಂದೆ ದೊಡ್ಡಸ್ತಿಕೆ ಮೆರೆಯುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಿದ್ದ.

ಅಷ್ಟು ದೊಡ್ಡ ಮನುಷ್ಯ ಗಳಗಳ ಅತ್ತುಬಿಟ್ಟ. "ನಾನೇ ಕಣೋ ತಮ್ಮಾ, ಪಡಿ ಒದ್ದೋನು ನಾನೇ," ಎಂದು ಎಲ್ಲರೆದುರು ಚಿತ್ತಯ್ಯನ ಕೈ ಹಿಡಿದ. ಹೊರಡಲು ಗಂಟು ಕಟ್ಟಿಕೊಂಡು ಕೂತಿದ್ದ ಚಿತ್ತಯ್ಯನ ಹೆಂಡತಿ, ಗಂಟು ಬಿಚ್ಚಿ ಒಲೆ ಹಚ್ಚಿದಳಂತೆ.

ಸಿರಿಯಕ್ಕ ತೀರಿಕೊಂಡ ವರ್ಷವೇ ಆ ಕಳ್ಳಿಯೂ ಒಣಗಿತಂತೆ. ಕಷಾಯದ ಹದ ಅವಳ ಜೊತೆಗೇ ಹೋಯಿತು. ಆದರೂ ನಮ್ಮ ಹಟ್ಟಿಯಲ್ಲಿ ಇವತ್ತಿಗೂ, ಇನ್ನೊಬ್ಬರ ಮೇಲೆ ದೂರು ತಂದವರು ಮೊದಲು ಬೇಲಿಗೆ ಮುಖ ಮಾಡಿ ಕೂತು ಒಂದು ಬಟ್ಟಲು ನೀರು ಕುಡಿಯಬೇಕು. ಬರೀ ನೀರು. ಅರ್ಧ ಬಟ್ಟಲಿಗೇ ಎದ್ದು, ದೂರು ಅಲ್ಲೇ ಬಿಟ್ಟು, ಮನೆಗೆ ಹೋದವರೇ ಹೆಚ್ಚು.